‘ಲಿಂಕ್ ಎಲ್ಲಿ ಬ್ರೋ?’: ಫ್ಯಾನ್ ಗೇಮ್ ಕಟ್ಟುವವರ ಬೇಸರದ ಒಳಲೆಕ್ಕ

ಬೇರೆಯವರ ಗೇಮ್‌ನ ಪಾತ್ರ, ಲೋಕ, ನಿಯಮಗಳನ್ನು ಎರವಲು ಪಡೆದು ಅಭಿಮಾನಿಯೊಬ್ಬರು ತಾವೇ ಕಟ್ಟಿ ಪುಕ್ಕಟೆ ಹಂಚುವ ಆಟಕ್ಕೆ ಫ್ಯಾನ್ ಗೇಮ್ ಎನ್ನುತ್ತಾರೆ. ಪೋಕೆಮಾನ್, ಸೋನಿಕ್, ಮೆಟ್ರಾಯ್ಡ್, ಅಂಡರ್‌ಟೇಲ್, ಹೀಗೆ ಹೆಸರು ಮಾಡಿದ ಯಾವ ಆಟ ತೆಗೆದುಕೊಂಡರೂ ಅದರ ಬೆನ್ನಿಗೆ ಇಂಥವು ಸಾಲುಗಟ್ಟಿರುತ್ತವೆ. ಕಟ್ಟುವವರು ಹೆಚ್ಚಾಗಿ ಒಂಟಿ ಜನ. ಓದೋ ಕೆಲಸವೋ ಮುಗಿದ ಮೇಲೆ ರಾತ್ರಿ ಕೂತು ಮಾಡುವವರು. ಇವರ ಬಾಯಲ್ಲಿ ಈಚೆಗೆ ಪದೇ ಪದೇ ಬರುವ ಮಾತು, ‘ಇಂಟರ್ನೆಟ್ ಮೊದಲಿನ ಹಾಗಿಲ್ಲ’ ಅಂತ. ವಯಸ್ಸಾಗುತ್ತಿರುವವರ ಗೊಣಗಾಟ ಎಂದು ತಳ್ಳಿಹಾಕುವುದು ಸುಲಭ. ಆದರೆ ಈ ಬೇಸರಕ್ಕೆ ಬೆರಳು ಮಡಿಸಿ ಎಣಿಸಬಹುದಾದ ಕಾರಣಗಳಿವೆ. ದಾವಣಗೆರೆಯ ಹಾಸ್ಟೆಲ್ ಕೋಣೆಯಲ್ಲೋ ಚಿತ್ರದುರ್ಗದ ಮನೆಯ ಅಟ್ಟದಲ್ಲೋ ಕೂತು ಇಂಥ ಆಟ ಶುರು ಮಾಡುವವರಿಗೆ ಅವು ಮೊದಲೇ ತಿಳಿದಿದ್ದರೆ ಅರ್ಧ ತಲೆನೋವು ತಪ್ಪುತ್ತದೆ.

ಮೊದಲು ಕೆಲಸದ ಅಳತೆ ಗೊತ್ತಾಗಬೇಕು. ಫ್ಯಾನ್ ಗೇಮ್‌ಗಳಲ್ಲಿ ಬಹಳ ಬಳಕೆಯಾದ, ಆಟ ಕಟ್ಟುವ ತಂತ್ರಾಂಶ ಆರ್‌ಪಿಜಿ ಮೇಕರ್ ಎಕ್ಸ್‌ಪಿಯನ್ನೇ ನೋಡಿ. ಒಂದು ಪಾತ್ರ ಸುಮ್ಮನೆ ನಡೆದಾಡಲು ನಾಲ್ಕು ದಿಕ್ಕು, ದಿಕ್ಕಿಗೆ ನಾಲ್ಕು ಭಂಗಿ, ಒಟ್ಟು 16 ಚಿತ್ರ ಒಂದೇ ಹಾಳೆಯಲ್ಲಿ ಕೂರಬೇಕು. ಎಡಕ್ಕೆ ನಡೆಯುವ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಬಲಕ್ಕೂ ಬಳಸಿದರೆ ನಾಲ್ಕು ಉಳಿಯುತ್ತವೆ, ನಿಜ. ಆದರೆ ಪಾತ್ರದ ಬಲಗೈಯಲ್ಲಿ ಒನಕೆ ಇದ್ದರೆ ತಿರುಗಿಸಿದ ಕೂಡಲೇ ಅದು ಎಡಗೈಗೆ ಹೋಗುತ್ತದೆ, ಹಾಗಾಗಿ ಮತ್ತೆ ಬರೆಯಲೇಬೇಕು. ನೆಲ, ಗೋಡೆ, ಬಂಡೆಗಳೆಲ್ಲ 32×32 ಪಿಕ್ಸೆಲ್‌ನ ತುಂಡುಗಳು. 640×480ರ ಒಂದು ಪರದೆ ತುಂಬಲು ಅಡ್ಡಕ್ಕೆ 20, ಉದ್ದಕ್ಕೆ 15, ಅಂದರೆ 300 ತುಂಡು. ಚಿತ್ರದುರ್ಗದ ಕೋಟೆಯಂಥ ಜಾಗ ತೋರಿಸಲು ಹೊರಟರೆ ಕಷ್ಟ ಇನ್ನೂ ಹೆಚ್ಚು. ಅಲ್ಲಿನ ಬಂಡೆಗಳು ದುಂಡಗೆ, ಒಂದರ ಮೇಲೊಂದು ಒರಗಿ ಕೂತಿವೆ. ಚೌಕ ತುಂಡುಗಳಲ್ಲಿ ದುಂಡು ಅಂಚು ಬರಬೇಕೆಂದರೆ ಪ್ರತಿ ಮೂಲೆಗೂ ಒಳಬಾಗು, ಹೊರಬಾಗು ಎಂದು ಬೇರೆ ಬೇರೆ ತುಂಡು ಬೇಕು. ಒಬ್ಬರೇ ಕೂತು ಮಾಡಿದರೆ ಒಂದು ಪರದೆಗೆ ವಾರವೇ ಹಿಡಿಯಬಹುದು. ನೋಡುವವರು ಅದನ್ನು ಮೊಬೈಲ್‌ನಲ್ಲಿ ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುವುದು ಎರಡು ಸೆಕೆಂಡಿನಲ್ಲಿ.

ಮೂಲೆಗಳಿದ್ದ ಕಾಲ

2000ದ ದಶಕದಲ್ಲಿ ಇಂಥ ಆಟಗಳು ಬೆಳೆದದ್ದು ಸಣ್ಣ ಸಣ್ಣ ಚರ್ಚಾತಾಣಗಳಲ್ಲಿ. ಒಂದು ಆಟಕ್ಕೆ ಒಂದು ಚರ್ಚೆಯ ಎಳೆ (ಥ್ರೆಡ್). ಮೊದಲ ಪುಟದಲ್ಲಿ ಕಥೆ, ಚಿತ್ರಗಳು, ಯಾರ ಚಿತ್ರ ಯಾರಿಂದ ಪಡೆದದ್ದು ಎಂಬ ಕ್ರೆಡಿಟ್ ಪಟ್ಟಿ, ಅದರ ಕೆಳಗೆ ವರ್ಷಗಟ್ಟಲೆ ಸಾಗುವ ಪ್ರಶ್ನೋತ್ತರ. ಆಡುವವರಲ್ಲಿ ಬಹಳ ಮಂದಿ ತಾವೂ ಏನೋ ಒಂದನ್ನು ಕಟ್ಟುತ್ತಿದ್ದವರು. ಹಾಗಾಗಿ ತಪ್ಪು ಹೇಳುವಾಗಲೂ ‘ಎರಡನೇ ಊರಿನ ಬಾಗಿಲಲ್ಲಿ ಬಲದಿಂದ ಒಳಗೆ ಹೋದರೆ ಆಟ ನಿಲ್ಲುತ್ತದೆ, ಎಡದಿಂದ ಹೋದರೆ ಇಲ್ಲ’ ಎಂದು ಜಾಗ ತೋರಿಸಿ ಹೇಳುತ್ತಿದ್ದರು. ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಸಂಬಳ ಬೇಕಿರಲಿಲ್ಲ.

ಹಳೆಯದೆಲ್ಲ ಚಿನ್ನವಾಗಿತ್ತು ಅಂತೇನೂ ಅಲ್ಲ. ಆ ತಾಣಗಳೆಲ್ಲ ಇಂಗ್ಲಿಷ್, ಇಲ್ಲವೇ ಜಪಾನಿ. ಹೊಸಬರು ಏನಾದರೂ ಕೇಳಿದರೆ ‘ಮೊದಲು ಹುಡುಕಿ ನೋಡು’ ಎಂದು ಗದರುವ ಹಿರಿಯರಿಗೆ ಕೊರತೆ ಇರಲಿಲ್ಲ. ಸೈಬರ್ ಸೆಂಟರ್‌ನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂರುತ್ತಿದ್ದ ಕನ್ನಡ ಮಾಧ್ಯಮದ ಹುಡುಗನಿಗೆ ಅಲ್ಲಿ ಬಾಗಿಲೇ ಕಾಣುತ್ತಿರಲಿಲ್ಲ. ಇವತ್ತು ಅದೇ ಹುಡುಗನ ತಮ್ಮ ಯೂಟ್ಯೂಬ್ ನೋಡಿಕೊಂಡು ಮನೆಯಲ್ಲೇ ಆಟ ಕಟ್ಟುವುದನ್ನು ಕಲಿಯುತ್ತಾನೆ. ಈ ಲಾಭವನ್ನು ಮರೆತು ಬರೀ ಹಳೆಯದನ್ನು ಹೊಗಳಿದರೆ ಲೆಕ್ಕ ತಪ್ಪುತ್ತದೆ.

ಆ ಕಾಲದ ಕೆಲಸ ಉಳಿದದ್ದೂ ಅಷ್ಟಕ್ಕಷ್ಟೇ. ಪುಕ್ಕಟೆ ವೆಬ್‌ಪುಟ ಕೊಡುತ್ತಿದ್ದ ಜಿಯೋಸಿಟೀಸ್ 2009ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿತು. ಫೈಲ್ ಇಡುವ ತಾಣ ಮೆಗಾಅಪ್‌ಲೋಡ್ 2012ರ ಜನವರಿಯಲ್ಲಿ ಒಂದೇ ದಿನದಲ್ಲಿ ಮುಚ್ಚಿಹೋಯಿತು, ಅಲ್ಲಿ ಸಿನಿಮಾ ಕದ್ದು ಇಟ್ಟವರ ಜೊತೆಗೆ ತಮ್ಮದೇ ಫೈಲ್ ಇಟ್ಟವರದ್ದೂ ಮುಳುಗಿತು. ಬ್ರೌಸರ್‌ನಲ್ಲಿ ಆಟ ಓಡಿಸುತ್ತಿದ್ದ ಅಡೋಬಿ ಫ್ಲ್ಯಾಶ್‌ಗೆ 2020ರ ಡಿಸೆಂಬರ್ 31 ಕೊನೆಯ ದಿನ, 2021ರ ಜನವರಿ 12ರಿಂದ ಫ್ಲ್ಯಾಶ್ ಪ್ಲೇಯರ್ ತಾನೇ ಆಟಗಳನ್ನು ತಡೆಯತೊಡಗಿತು. ಫ್ಲ್ಯಾಶ್‌ಪಾಯಿಂಟ್ ಎಂಬ ಸಂಗ್ರಹ, ಫ್ಲ್ಯಾಶ್ ಇಲ್ಲದೆಯೂ ಅವನ್ನು ಓಡಿಸುವ ರಫಲ್ ಎಂಬ ಎಮ್ಯುಲೇಟರ್ ಇರುವುದರಿಂದ ಒಂದಷ್ಟು ಉಳಿದಿವೆ. ಉಳಿದವುಗಳ ಜಾಗದಲ್ಲಿ ಸತ್ತ ಲಿಂಕ್‌ಗಳಿವೆ.

ಚರ್ಚೆಯ ಜಾಗಕ್ಕೆ ಬಂದದ್ದು 2015ರಲ್ಲಿ ಶುರುವಾದ ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್. ಮಾತು ತಕ್ಷಣ ನಡೆಯುತ್ತದೆ, ಧ್ವನಿಯಲ್ಲೂ ಮಾತಾಡಬಹುದು, ಪುಕ್ಕಟೆ. ಹಾಗಾಗಿ ಎಲ್ಲರೂ ಹೋದರು. ಕಟ್ಟುವವರು ಕಳೆದುಕೊಂಡದ್ದು ನೆನಪನ್ನು. ಡಿಸ್ಕಾರ್ಡ್ ಒಳಗಿನ ಮಾತು ಗೂಗಲ್‌ಗೆ ಸಿಗುವುದಿಲ್ಲ. ಒಳಗೇ ಹುಡುಕಿದರೂ ನಾಯಕನಹಟ್ಟಿ ಜಾತ್ರೆಯಲ್ಲಿ ನಿನ್ನೆ ಯಾರೋ ಆಡಿದ ಮಾತನ್ನು ಇವತ್ತು ಹುಡುಕಿದ ಹಾಗೆ. ಒಂದೇ ಪ್ರಶ್ನೆಗೆ ನೂರು ಸಲ ಉತ್ತರ ಕೊಡಬೇಕಾಗಿ ಬರುವುದಕ್ಕೆ ಕೇಳುವವರ ಸೋಮಾರಿತನಕ್ಕಿಂತ ಇದೇ ಮುಖ್ಯ ಕಾರಣ: ಹಿಂದಿನ ಉತ್ತರ ಅವರಿಗೆ ಕಾಣುವುದೇ ಇಲ್ಲ. ಫೈಲ್‌ಗಳ ಕಥೆಯೂ ಹಾಗೇ. ಡಿಸ್ಕಾರ್ಡ್‌ನಲ್ಲಿ ಹಾಕಿದ ಫೈಲ್‌ನ ಲಿಂಕನ್ನು ಹೊರಗೆ ಹಂಚಿದರೆ ಅದು ಸುಮಾರು ಒಂದು ದಿನದಲ್ಲಿ ಸಾಯುತ್ತದೆ. 2023ರ ಕೊನೆಯಲ್ಲಿ ತಂದ ಬದಲಾವಣೆ ಇದು. ಪುಕ್ಕಟೆ ಖಾತೆಯ ಫೈಲ್ ಮಿತಿಯೂ 25 ಎಂಬಿಯಿಂದ 10 ಎಂಬಿಗೆ ಇಳಿದಿದೆ. ಡಿಸ್ಕಾರ್ಡನ್ನು ಗೋದಾಮು ಎಂದುಕೊಂಡವರು ಇನ್ನೂ ಇದ್ದಾರೆ.

ಆಡುವವರು ಕಮ್ಮಿ, ನೋಡುವವರು ಜಾಸ್ತಿ

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ನಮ್ಮ ಕಡೆ ಇಂಟರ್ನೆಟ್ ಅಂದರೆ ಮೊಬೈಲ್ ಎಂದಾಯಿತು. ಫ್ಯಾನ್ ಗೇಮ್ ಹುಟ್ಟಿದ್ದು ಕಂಪ್ಯೂಟರ್‌ಗೆ. ಈ ಎರಡರ ನಡುವಿನ ಕಂದಕದಲ್ಲೇ ಅರ್ಧ ಜಗಳ ಬಿದ್ದಿದೆ. ಆಟದ ಒಂದು ತುಣುಕನ್ನು ರೀಲ್ಸ್‌ಗೋ ಶಾರ್ಟ್ಸ್‌ಗೋ ಹಾಕಿದರೆ ಕಮೆಂಟ್ ಬಾಕ್ಸ್ ಹೀಗಿರುತ್ತದೆ: ‘ಲಿಂಕ್ ಎಲ್ಲಿ ಬ್ರೋ?’, ‘ಅಣ್ಣಾ ಎಪಿಕೆ ಕಳ್ಸಿ’, ‘ಗುರು ಅಪ್‌ಡೇಟ್ ಯಾವಾಗ?’, ‘ನನ್ ಫೋನಲ್ಲಿ ಓಡ್ತಿಲ್ಲ, ವೇಸ್ಟ್’. (ಎಪಿಕೆ ಅಂದರೆ ಆಂಡ್ರಾಯ್ಡ್ ಫೋನ್‌ಗೆ ಹಾಕಿಕೊಳ್ಳುವ ಆ್ಯಪ್‌ನ ಫೈಲ್.) ಲಿಂಕ್ ವಿಡಿಯೋದ ವಿವರಣೆಯಲ್ಲೇ ಇರುತ್ತದೆ. ಕೇಳಿದವರು ಆಡುವುದೂ ಅಪರೂಪ. ಮರುದಿನ ಯಾರದೋ ಚಾನೆಲ್‌ನಲ್ಲಿ ಅದೇ ತುಣುಕು, ಹೆಸರಿನ ಪಟ್ಟಿ ಕತ್ತರಿಸಿ, ಜಾಹೀರಾತಿನ ಸಮೇತ ಬರುತ್ತದೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಕ್ರೆಡಿಟ್ ಕತ್ತರಿಸುವುದು ಸಣ್ಣ ಮಾತಲ್ಲ. ಹತ್ತು ಜನರಿಂದ ಚಿತ್ರ, ಸಂಗೀತ ಪಡೆದು ಕಟ್ಟುವ ಈ ಕೆಲಸದಲ್ಲಿ ಚಲಾವಣೆಯಾಗುವ ಒಂದೇ ನಾಣ್ಯ ಹೆಸರು. ಅದು ಕಳೆದರೆ ಮುಂದಿನ ಸಲ ಯಾರೂ ಏನನ್ನೂ ಕೊಡುವುದಿಲ್ಲ. ಈಗ ಇದರ ಮೇಲೆ ‘ಇದು ಎಐ ಮಾಡಿದ್ದು’ ಎಂಬ ಆರೋಪ ಬೇರೆ. ಕೈಯಿಂದ ಪಿಕ್ಸೆಲ್ ಪಿಕ್ಸೆಲ್ ಬರೆದವರೂ ಪುರಾವೆ ತೋರಿಸಬೇಕಾದ ಸ್ಥಿತಿ. ಪದರಗಳಿರುವ ಮೂಲ ಫೈಲ್‌ಗಳನ್ನೂ ಅರ್ಧಂಬರ್ಧ ಕರಡುಗಳನ್ನೂ ಅಳಿಸದೆ ಇಟ್ಟುಕೊಳ್ಳಿ. ಕಮೆಂಟ್‌ನಲ್ಲಿ ವಾದಕ್ಕೆ ನಿಲ್ಲುವುದಕ್ಕಿಂತ ಒಂದು ಫೈಲ್ ತೆರೆದು ತೋರಿಸುವುದು ಬೇಗ ಮುಗಿಯುತ್ತದೆ.

ಸದ್ದೇ ಶತ್ರು

ಬೇಸರದ ಬುಡ ಇರುವುದು ಇಲ್ಲಿ. ಫ್ಯಾನ್ ಗೇಮ್ ಕಾನೂನಿನ ಕಣ್ಣಿಗೆ ಬೀಳದ ಮೂಲೆಗಳಲ್ಲಿ ಬೆಳೆದ ಕಸುಬು. ಈಗಿನ ಇಂಟರ್ನೆಟ್‌ನಲ್ಲಿ ಮೂಲೆ ಉಳಿದಿಲ್ಲ. ಒಂದೋ ಎಲ್ಲರಿಗೂ ಕಾಣಬೇಕು, ಇಲ್ಲವೇ ಯಾರಿಗೂ ಕಾಣುವುದಿಲ್ಲ. ಐನೂರು ಜನ ನೆಮ್ಮದಿಯಾಗಿ ಆಡುವ ಆಟಕ್ಕೆ ಇಂದಿನ ಫೀಡ್‌ನಲ್ಲಿ ಜಾಗವಿಲ್ಲ. ಐದು ಲಕ್ಷ ಜನ ನೋಡಿದರೆ ಮೊದಲು ಬರುವುದು ವಕೀಲರ ಪತ್ರ.

2016ರ ಆಗಸ್ಟ್ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಅರ್ಜೆಂಟೀನಾದ ಮಿಲ್ಟನ್ ಗ್ವಾಸ್ತಿ ಸುಮಾರು ಹತ್ತು ವರ್ಷ ದುಡಿದು ಹಳೆಯ ಮೆಟ್ರಾಯ್ಡ್ 2 ಆಟವನ್ನು ಹೊಸದಾಗಿ ಕಟ್ಟಿದ ‘ಎಎಂ2ಆರ್’ ಆ ತಿಂಗಳು ಬಿಡುಗಡೆಯಾಯಿತು. ಒಂಬತ್ತು ವರ್ಷ ಹಿಡಿದ ‘ಪೋಕೆಮಾನ್ ಯುರೇನಿಯಂ’ ಬಂದದ್ದೂ ಅದೇ ತಿಂಗಳು. ಎರಡಕ್ಕೂ ಜಗತ್ತಿನ ಗೇಮಿಂಗ್ ಪತ್ರಿಕೆಗಳಲ್ಲಿ ತಲೆಬರಹ ಸಿಕ್ಕಿತು. ಯುರೇನಿಯಂ 15 ಲಕ್ಷ ಡೌನ್‌ಲೋಡ್ ದಾಟಿತು. ಮೂಲ ಆಟಗಳ ಮಾಲೀಕ ಕಂಪನಿ ನಿಂಟೆಂಡೊ ಕಡೆಯಿಂದ ನೋಟಿಸ್‌ಗಳು ಬಂದು ಕೆಲವೇ ದಿನಗಳಲ್ಲಿ ಎರಡರ ಲಿಂಕ್‌ಗಳೂ ಇಳಿದವು. ಅದೇ ವರ್ಷ ದಿ ಗೇಮ್ ಅವಾರ್ಡ್ಸ್‌ನ ಅಭಿಮಾನಿ ಕೃತಿಗಳ ವಿಭಾಗಕ್ಕೆ ಎರಡೂ ನಾಮನಿರ್ದೇಶನಗೊಂಡವು, ಆಮೇಲೆ ಸದ್ದಿಲ್ಲದೆ ಪಟ್ಟಿಯಿಂದ ಮಾಯವಾದವು. ಆಟಗಳನ್ನು ಹಂಚುವ ಗೇಮ್ ಜೋಲ್ಟ್ ತಾಣ 2016ರ ಸೆಪ್ಟೆಂಬರ್‌ನಲ್ಲಿ 562 ಆಟಗಳನ್ನೂ 2021ರ ಜನವರಿಯಲ್ಲಿ 379 ಆಟಗಳನ್ನೂ ನಿಂಟೆಂಡೊ ನೋಟಿಸ್ ಮೇರೆಗೆ ತೆಗೆಯಿತು.

ಎಲ್ಲ ಮಾಲೀಕರೂ ಹೀಗಲ್ಲ. ಸೆಗಾ ಕಂಪನಿ ಸೋನಿಕ್ ಅಭಿಮಾನಿಗಳನ್ನೇ ಕೆಲಸಕ್ಕೆ ಹಚ್ಚಿ 2017ರಲ್ಲಿ ‘ಸೋನಿಕ್ ಮೇನಿಯಾ’ ತಂದಿತು. ಅದೇ ಸೆಗಾ 2011ರಲ್ಲಿ ‘ಸ್ಟ್ರೀಟ್ಸ್ ಆಫ್ ರೇಜ್ ರೀಮೇಕ್’ ಎಂಬ ಅಭಿಮಾನಿ ಆಟವನ್ನು ಬಿಡುಗಡೆಯ ಬೆನ್ನಿಗೇ ನಿಲ್ಲಿಸಿಯೂ ಇತ್ತು. ಜಪಾನಿನ ತೋಹೋ ಆಟಗಳ ಕರ್ತೃ ಅಭಿಮಾನಿ ಕೃತಿಗಳಿಗೆ ಲಿಖಿತ ನಿಯಮಗಳನ್ನೇ ಕೊಟ್ಟಿದ್ದಾರೆ. ಆದ್ದರಿಂದ ಯಾವ ಆಟದ ಮೇಲೆ ಕಟ್ಟುತ್ತೀರಿ ಎಂಬುದು ರುಚಿಯ ಪ್ರಶ್ನೆ ಮಾತ್ರವಲ್ಲ, ಮೊದಲ ದಿನದ ತಾಂತ್ರಿಕ ನಿರ್ಧಾರ. ಮಾಲೀಕರ ತಾಣದಲ್ಲಿ ಅಭಿಮಾನಿ ಕೃತಿಗಳ ನಿಯಮ ಇದೆಯೇ ನೋಡಿ. ಇದ್ದರೆ ಆ ಪುಟವನ್ನು ದಿನಾಂಕದ ಸಮೇತ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ನಾಳೆ ಆ ನಿಯಮ ಬದಲಾಗಬಹುದು.

‘ನಾನು ದುಡ್ಡು ತಗೊಂಡಿಲ್ಲ, ಕ್ರೆಡಿಟ್ ಕೊಟ್ಟಿದ್ದೀನಿ’ ಎನ್ನುವುದು ಸೌಜನ್ಯ, ಪರವಾನಗಿ ಅಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಖಾಸಗಿ ಬಳಕೆ, ವಿಮರ್ಶೆ, ವರದಿ ಇಂಥವಕ್ಕೆ ವಿನಾಯಿತಿ ಕೊಡುತ್ತದೆ. ಪೂರ್ತಿ ಆಟ ಕಟ್ಟಿ ಸಾರ್ವಜನಿಕವಾಗಿ ಹಂಚುವುದನ್ನು ಆ ಚೌಕಟ್ಟಿನೊಳಗೆ ತುರುಕುವುದು ಕಷ್ಟ. ಭಾರತದಲ್ಲಿ ದೂರು ಬಂದರೆ ಫೈಲ್ ಇಟ್ಟ ಸೇವೆಯವರು 36 ಗಂಟೆಯೊಳಗೆ ಅದನ್ನು ಮರೆಮಾಡಬೇಕು. 21 ದಿನದೊಳಗೆ ದೂರುದಾರರು ಕೋರ್ಟ್ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಆದರೆ ಆಟ ಇಡುವ ತಾಣಗಳು ಹೆಚ್ಚಾಗಿ ಅಮೆರಿಕದವು, ಹಾಗಾಗಿ ಅಲ್ಲಿನ 1998ರ ಡಿಎಂಸಿಎ ಎಂಬ ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆ ಬರುತ್ತದೆ. ಅದರಲ್ಲಿ ಪ್ರತಿ-ನೋಟಿಸ್ ಕೊಡಲು ಅವಕಾಶವಿದೆ. ಕೊಟ್ಟರೆ 10ರಿಂದ 14 ಕೆಲಸದ ದಿನಗಳಲ್ಲಿ, ಮಾಲೀಕರು ದಾವೆ ಹೂಡದಿದ್ದರೆ, ಫೈಲ್ ವಾಪಸ್ ಬರುತ್ತದೆ. ಷರತ್ತು ಏನೆಂದರೆ ಅದರಲ್ಲಿ ನಿಮ್ಮ ನಿಜ ಹೆಸರು, ವಿಳಾಸ, ಫೋನ್ ಇರಬೇಕು, ಅಮೆರಿಕದ ಕೋರ್ಟಿನ ವ್ಯಾಪ್ತಿಗೆ ಒಪ್ಪಿಗೆಯನ್ನೂ ಬರೆಯಬೇಕು. ಆ ಕಾಗದ ನೇರ ಕಂಪನಿಯ ವಕೀಲರ ಕೈಗೆ ಹೋಗುತ್ತದೆ. ಬೇರೆಯವರ ಪಾತ್ರ ಬಳಸಿರುವ ವಿದ್ಯಾರ್ಥಿ ಸಿಟ್ಟಿನಲ್ಲಿ ಇದಕ್ಕೆ ಸಹಿ ಹಾಕುವುದು ಬೇಡ. ನೋಟಿಸ್ ಬಂದರೆ ಇಳಿಸುವುದೇ ಜಾಣತನ.

ಮನುಷ್ಯರೇ ದೂರು ಕೊಡಬೇಕೆಂದೂ ಇಲ್ಲ. 2024ರ ಡಿಸೆಂಬರ್‌ನಲ್ಲಿ ಒಂಟಿ ಕರ್ತೃಗಳು ಆಟ ಹಂಚುವ ಇಚ್.ಐಒ ತಾಣವೇ ಕೆಲವು ಗಂಟೆ ಇಂಟರ್ನೆಟ್‌ನಿಂದ ಮಾಯವಾಗಿತ್ತು. ಬ್ರ್ಯಾಂಡ್ ಕಾಯುವ ತಂತ್ರಾಂಶವೊಂದು ಯಾರೋ ಮಾಡಿದ ಒಂದು ಪುಟದ ಮೇಲೆ ಕಳಿಸಿದ ದೂರಿಗೆ ಡೊಮೇನ್ ನೋಂದಣಿದಾರರು ಇಡೀ ತಾಣವನ್ನೇ ಇಳಿಸಿದ್ದರು.

ಹಾಗಾದರೆ ಹೇಗೆ ಕಟ್ಟಬೇಕು?

ಫೋಲ್ಡರ್ ವಿಂಗಡಣೆಯಿಂದ ಶುರು ಮಾಡಿ. ನೀವೇ ಬರೆದ ಚಿತ್ರ, ಸಂಗೀತ, ಕೋಡ್ ಒಂದು ಕಡೆ, ಎರವಲು ತಂದದ್ದೆಲ್ಲ ಇನ್ನೊಂದು ಕಡೆ. ಪಾತ್ರಗಳ ಹೆಸರನ್ನು ಕೋಡ್‌ನೊಳಗೆ ಎಲ್ಲೆಂದರಲ್ಲಿ ಬರೆಯದೆ ಒಂದೇ ಸಿಎಸ್‌ವಿ (ಸರಳ ಪಟ್ಟಿಯ) ಕಡತದಲ್ಲಿಟ್ಟು, ಕೋಡ್‌ನಲ್ಲಿ ‘ನಾಯಕ1’, ‘ಶತ್ರು3’ ಎಂಬಂಥ ಗುರುತುಗಳನ್ನು ಮಾತ್ರ ಬಳಸಿ. ನೋಟಿಸ್ ಬಂದ ದಿನ ಎರವಲು ಫೋಲ್ಡರ್ ಬದಲಿಸಿದರೆ ಆಟದ ಎಲುಬುಗೂಡು ನಿಮ್ಮದಾಗಿಯೇ ಉಳಿಯುತ್ತದೆ. ಸೋನಿಕ್ ಫ್ಯಾನ್ ಗೇಮ್ ಆಗಿ ಶುರುವಾದ ‘ಫ್ರೀಡಂ ಪ್ಲಾನೆಟ್’ 2014ರಲ್ಲಿ ಸ್ವಂತ ಪಾತ್ರಗಳ ಸ್ವತಂತ್ರ ಆಟವಾಗಿ ಮಾರುಕಟ್ಟೆಗೆ ಬಂತು. ಎಲ್ಲವನ್ನೂ ಕಲಸಿಟ್ಟವರಿಗೆ ಈ ದಾರಿ ಮುಚ್ಚಿಹೋಗುತ್ತದೆ.

ಹಳೆಯ ಆಟದ ಫೈಲನ್ನೇ (ROM, ರಾಮ್) ತಿದ್ದುವ ರಾಮ್ ಹ್ಯಾಕ್ ಆದರೆ ತಿದ್ದಿದ ಪೂರ್ತಿ ರಾಮ್ ಹಂಚಬೇಡಿ, ವ್ಯತ್ಯಾಸವನ್ನು ಮಾತ್ರ ಹೊತ್ತ ಪ್ಯಾಚ್ ಹಂಚಿ. ಐಪಿಎಸ್ ಎಂಬ ಹಳೆಯ ಪ್ಯಾಚ್ ಮಾದರಿ 16 ಎಂಬಿಯಿಂದಾಚೆ ಬರೆಯಲಾರದು, ಗೇಮ್ ಬಾಯ್ ಅಡ್ವಾನ್ಸ್‌ನ ದೊಡ್ಡ ರಾಮ್‌ಗಳು 32 ಎಂಬಿ. ಅದಕ್ಕೆ ಬಿಪಿಎಸ್ ಬಳಸಿ. ಅದು ಮೂಲ ಫೈಲ್‌ನ ಚೆಕ್‌ಸಮ್ (ಫೈಲ್ ಅದೇ ಹೌದೋ ಎಂದು ತಾಳೆ ನೋಡುವ ಸಂಖ್ಯೆ) ನೋಡಿ, ತಪ್ಪು ಫೈಲ್ ಕೊಟ್ಟರೆ ಅಲ್ಲೇ ತಡೆಯುತ್ತದೆ. ಐಪಿಎಸ್ ಯಾವುದಕ್ಕಾದರೂ ಕಣ್ಣುಮುಚ್ಚಿ ಅಂಟಿಕೊಳ್ಳುತ್ತದೆ. ಆಮೇಲೆ ಬಿಳಿ ಪರದೆ ಬಂದು ‘ನಿನ್ ಗೇಮ್ ವೇಸ್ಟ್’ ಎಂಬ ಕಮೆಂಟ್ ಬೀಳುತ್ತದೆ. ಎಎಂ2ಆರ್ ಇಳಿದ ಮೇಲೂ ಸಮುದಾಯದವರು ವರ್ಷಗಟ್ಟಲೆ ಸುಧಾರಣೆ ಹೊರತಂದದ್ದು ಪ್ಯಾಚ್ ರೂಪದಲ್ಲೇ. ಮೂಲ 1.1 ಆವೃತ್ತಿ ಆಡುವವರ ಬಳಿ ಇರಬೇಕು, ಇವರು ಕೊಡುವುದು ಬದಲಾವಣೆ ಮಾತ್ರ.

ಆಟ ಮುಗಿಯುವ ಮುಂಚೆ ಟ್ರೈಲರ್ ಬಿಡುವ ಚಪಲ ಹತ್ತಿಕ್ಕಿಕೊಳ್ಳಿ. ಪೂರ್ತಿ ಆಡಬಹುದಾದ ಆವೃತ್ತಿ ಕೈಯಲ್ಲಿದ್ದಾಗ ಒಂದೇ ಸಲ ಬಿಡುಗಡೆ ಮಾಡಿದರೆ ಆಮೇಲೆ ನೋಟಿಸ್ ಬಂದರೂ ಆಟ ಜನರ ಕೈ ಸೇರಿರುತ್ತದೆ. ಮೂರು ವರ್ಷ ಸುದ್ದಿ ಮಾಡಿ ಅರ್ಧಕ್ಕೆ ನಿಂತರೆ ಉಳಿಯುವುದು ಸುದ್ದಿ. ‘ಅಪ್‌ಡೇಟ್ ಯಾವಾಗ’ ಎಂಬ ಕಾಟವೂ ಇದರಿಂದಲೇ ಕಮ್ಮಿಯಾಗುತ್ತದೆ, ಏಕೆಂದರೆ ಏನೂ ಹೇಳದವರನ್ನು ಯಾರೂ ಕೇಳುವುದಿಲ್ಲ. ದುಡ್ಡಿನ ವಿಷಯದಲ್ಲಂತೂ ಖಡಾಖಂಡಿತವಾಗಿರಿ: ಯುಪಿಐ ಕ್ಯುಆರ್ ಕೋಡ್ ಹಾಕಿ ‘ಸಪೋರ್ಟ್ ಮಾಡಿ’ ಎಂದ ಕ್ಷಣ ಅಭಿಮಾನದ ವಾದ ಬಿದ್ದುಹೋಗುತ್ತದೆ.

ಹಂಚುವ ವಿಧಾನದಲ್ಲಿ ಮೊಬೈಲ್‌ನವರನ್ನು ಮರೆತರೆ ನಮ್ಮ ಊರುಗಳಲ್ಲಿ ಆಡುವವರೇ ಸಿಗುವುದಿಲ್ಲ. ವಿಂಡೋಸ್‌ನ ಇಎಕ್ಸ್‌ಇ ಕಳಿಸಿದರೆ ವಿಂಡೋಸ್‌ನ ಕಾವಲು ವ್ಯವಸ್ಥೆ ಸ್ಮಾರ್ಟ್‌ಸ್ಕ್ರೀನ್‌ನ ನೀಲಿ ಎಚ್ಚರಿಕೆ ಬರುತ್ತದೆ. ಡಿಜಿಟಲ್ ಸಹಿ ಇಲ್ಲದ ಫೈಲ್, ಹೊಸ ಆವೃತ್ತಿ ಬಿಟ್ಟಾಗಲೆಲ್ಲ ನಂಬಿಕೆ ಸೊನ್ನೆಯಿಂದ ಶುರು. ಬ್ರೌಸರ್‌ನಲ್ಲೇ ಆಡುವ ಆವೃತ್ತಿ ಕೊಟ್ಟರೆ ಈ ಗೋಜಿಲ್ಲ. ಇಚ್.ಐಒದಲ್ಲಿ ಬ್ರೌಸರ್ ಆಟದ ಜಿಪ್ ಬಿಚ್ಚಿದ ಮೇಲೆ 1,000 ಫೈಲ್, ಒಟ್ಟು 500 ಎಂಬಿ, ಒಂದೊಂದು ಫೈಲ್ 200 ಎಂಬಿ ದಾಟಬಾರದು. ಆಟ ಕಟ್ಟುವ ತಂತ್ರಾಂಶ (ಎಂಜಿನ್) ಗೋಡೋ 4ರ ಮೊದಲ ಆವೃತ್ತಿಗಳಲ್ಲಿ ವೆಬ್ ಆಟಕ್ಕೆ ಸರ್ವರ್ ಕಡೆಯಿಂದ ಹೆಡರ್ ಎಂಬ ವಿಶೇಷ ಸೂಚನೆಗಳು ಬೇಕಿದ್ದವು, ಇಲ್ಲದಿದ್ದರೆ ಆಟ ಶುರುವೇ ಆಗುತ್ತಿರಲಿಲ್ಲ. 4.3ರಿಂದ ಆ ಹೆಡರ್ ಬೇಡದ, ಥ್ರೆಡ್ ಇಲ್ಲದ ಎಕ್ಸ್‌ಪೋರ್ಟ್ ಆಯ್ಕೆ ಇದೆ, ಅದನ್ನೇ ಆರಿಸಿ.

ಎಪಿಕೆ ಮಾಡುವವರು ಅದಕ್ಕೆ ಡಿಜಿಟಲ್ ಸಹಿ ಹಾಕುವ ಕೀಸ್ಟೋರ್ ಫೈಲನ್ನೂ ಅದರ ಪಾಸ್‌ವರ್ಡನ್ನೂ ಎರಡು ಬೇರೆ ಬೇರೆ ಜಾಗದಲ್ಲಿ ಉಳಿಸಿಕೊಳ್ಳಲೇಬೇಕು. ಮೊದಲ ಆವೃತ್ತಿಯನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಎರಡನೆಯದನ್ನು ಗೆಳೆಯನ ಲ್ಯಾಪ್‌ಟಾಪ್‌ನಲ್ಲೂ ಆಯಾ ಯಂತ್ರದ ಪರೀಕ್ಷಾ ಕೀಯಿಂದ (ಡೀಬಗ್ ಕೀ) ಎಕ್ಸ್‌ಪೋರ್ಟ್ ಮಾಡಿದರೆ ಸಹಿ ಬೇರೆಯಾಗಿ, ಫೋನ್ ಹೊಸದನ್ನು ಹಾಕಿಕೊಳ್ಳಲು ಒಪ್ಪುವುದಿಲ್ಲ. ಆಡುವವರು ಹಳೆಯದನ್ನು ಅಳಿಸಿ ಹಾಕಿಕೊಳ್ಳುತ್ತಾರೆ, ಅದರ ಜೊತೆ ಅವರ ಸೇವ್ ಫೈಲೂ ಹೋಗುತ್ತದೆ, ಬೈಗುಳ ನಿಮಗೆ ಬರುತ್ತದೆ. ವಾಟ್ಸಾಪ್ ಗ್ರೂಪ್‌ಗಳಲ್ಲಿ ಆರು ತಿಂಗಳ ಹಿಂದಿನ ಎಪಿಕೆ ಸುತ್ತುತ್ತಲೇ ಇರುತ್ತದೆ. ಅದಕ್ಕೇ ಆವೃತ್ತಿ ಸಂಖ್ಯೆ ಆಟದ ಮೊದಲ ಪರದೆಯಲ್ಲೇ ದೊಡ್ಡದಾಗಿ ಕಾಣಬೇಕು. ದೂರು ಬಂದರೆ ಮೊದಲು ಕೇಳುವುದು ಆ ಸಂಖ್ಯೆಯ ಸ್ಕ್ರೀನ್‌ಶಾಟ್. ಡೌನ್‌ಲೋಡ್ ಪುಟದಲ್ಲಿ ಫೈಲ್‌ನ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಫೈಲ್‌ನ ಬೆರಳಚ್ಚಿನಂಥ ಗುರುತು, ಕೂಡ ಹಾಕಿ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಕಮಾಂಡ್‌ನಿಂದ ಅದು ಸಿಗುತ್ತದೆ, ಯಾರೋ ವೈರಸ್ ಸೇರಿಸಿ ಮರುಹಂಚಿದ್ದರೆ ತಾಳೆ ನೋಡಿದವರಿಗೆ ಗೊತ್ತಾಗುತ್ತದೆ.

ಮುಂದೆ ಇನ್ನೊಂದು ಬಾಗಿಲು ಕಿರಿದಾಗುವ ಸೂಚನೆ ಇದೆ. ಪ್ಲೇ ಸ್ಟೋರ್‌ನಿಂದಾಚೆ ಹಂಚುವ ಆ್ಯಪ್‌ಗಳ ಕರ್ತೃಗಳೂ ಗುರುತು ದೃಢಪಡಿಸಬೇಕು, 2026ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ ಶುರುಮಾಡಿ ಆಮೇಲೆ ಬೇರೆ ದೇಶಗಳಿಗೆ ಹರಡುತ್ತೇವೆ ಎಂದು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಅಡ್ಡಹೆಸರಿನ ಮರೆಯಲ್ಲಿ ಕೆಲಸ ಮಾಡುವ ಫ್ಯಾನ್ ಗೇಮ್‌ನವರಿಗೆ ಇದು ನೇರ ಏಟು. ಬ್ರೌಸರ್ ಆವೃತ್ತಿಗೆ ಒತ್ತು ಕೊಡಲು ಇದೂ ಒಂದು ಕಾರಣ.

ಕನ್ನಡ ಹಾಕುವಾಗ

ಸಂಭಾಷಣೆ ಕನ್ನಡದಲ್ಲಿದ್ದರೆ ಆಟಕ್ಕೊಂದು ಗತ್ತು ಬರುತ್ತದೆ. ಅಕ್ಷರ ಒಡೆದು ಕಂಡರೆ ಮಾತ್ರ ಅದೇ ಸ್ಕ್ರೀನ್‌ಶಾಟ್ ಸಂಜೆಯೊಳಗೆ ಟ್ರೋಲ್ ಪೇಜ್‌ನಲ್ಲಿರುತ್ತದೆ. ಒತ್ತಕ್ಷರ, ಅರ್ಕಾವತ್ತು ಸರಿಯಾದ ಜಾಗದಲ್ಲಿ ಕೂರಲು ಎಂಜಿನ್‌ಗೆ ಅಕ್ಷರ ಜೋಡಿಸುವ ಶಕ್ತಿ ಇರಬೇಕು. ಗೋಡೋ 4ರಲ್ಲಿ ಈ ಕೆಲಸ ಮಾಡುವ ಹಾರ್ಫ್‌ಬಜ್ ಸೇರಿರುವುದರಿಂದ ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಹಾಕಿದರೆ ಸಾಕು. ಗೋಡೋ 3, ಗೇಮ್‌ಮೇಕರ್, ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೊ ಇವುಗಳಲ್ಲಿ ಹಾಗೇ ಬಿಟ್ಟರೆ ಕನ್ನಡ ಒಡೆಯುತ್ತದೆ.

ಪರೀಕ್ಷೆಗೆ ‘ಚಿತ್ರದುರ್ಗ’ ಎಂದು ಟೈಪ್ ಮಾಡಿ ನೋಡಿ. ತಕಾರದ ಕೆಳಗೆ ರ ಒತ್ತು ಬರಬೇಕು, ದುರ್ಗದ ಅರ್ಕಾವತ್ತು ಗಕಾರದ ಬಲಕ್ಕೆ ಹಾರಬೇಕು. ಎರಡೂ ಸರಿ ಬಂದರೆ ಮುಕ್ಕಾಲು ಪಾಲು ಪಾಸಾದಂತೆ. ‘ದಾವಣಗೆರೆ’ಯಿಂದ ಪರೀಕ್ಷೆ ಮಾಡಿ ಸಮಾಧಾನಪಡಬೇಡಿ, ಅದರಲ್ಲಿ ಒತ್ತಕ್ಷರವೇ ಇಲ್ಲ.

ಇದಾದ ಮೇಲೂ ಒಂದು ತೊಡಕು ಉಳಿಯುತ್ತದೆ. ಪಾತ್ರ ಮಾತಾಡುವಾಗ ಅಕ್ಷರಗಳು ಒಂದೊಂದಾಗಿ ಮೂಡುವ ಪರಿಣಾಮ ಎಲ್ಲರಿಗೂ ಬೇಕು. ಗೋಡೋ ಪೂರ್ವನಿಯೋಜಿತವಾಗಿ ಪಠ್ಯವನ್ನು ಜೋಡಣೆಗೆ ಮೊದಲೇ ಕತ್ತರಿಸುತ್ತದೆ. ಆಗ ಪರದೆಯ ಮೇಲೆ ‘ದುರ’, ಆಮೇಲೆ ‘ದುರ್’, ಆಮೇಲೆ ಇದ್ದಕ್ಕಿದ್ದಂತೆ ‘ದುರ್ಗ’ ಆಗಿ, ಮೂಡಿದ್ದ ಅಕ್ಷರ ಕಣ್ಣೆದುರೇ ರೂಪ ಬದಲಿಸಿ ಜಿಗಿಯುತ್ತದೆ. ಲೇಬಲ್‌ನ ‘ಕಾಣುವ ಅಕ್ಷರಗಳ ವರ್ತನೆ’ ಎಂಬ ಆಯ್ಕೆಯನ್ನು ‘ಜೋಡಣೆಯ ನಂತರ’ ಎಂದು ಬದಲಿಸಿದರೆ ಈ ಕುಣಿತ ನಿಲ್ಲುತ್ತದೆ. ಜೋಡಣೆ ಬಾರದ ಹಳೆಯ ಎಂಜಿನ್‌ನಲ್ಲೇ ಇರಬೇಕಾದರೆ ಇಂಕ್‌ಸ್ಕೇಪ್ ಅಥವಾ ಗಿಂಪ್‌ನಲ್ಲಿ ಸಾಲುಗಳನ್ನು ಬರೆದು ಚಿತ್ರವಾಗಿ ತರಬಹುದು. ಒಂದು ಕಾಗುಣಿತ ತಪ್ಪಿದರೂ ಇಡೀ ಚಿತ್ರ ಮತ್ತೆ ತೆಗೆಯಬೇಕು, ಆದ್ದರಿಂದ ಸಣ್ಣ ಆಟಗಳಿಗೆ ಮಾತ್ರ. ಗೇಮ್ ಬಾಯ್ ಕಾಲದ 8 ಪಿಕ್ಸೆಲ್ ಎತ್ತರದಲ್ಲಿ ಕನ್ನಡದ ಒತ್ತಕ್ಷರ ಕೂರುವುದಿಲ್ಲ, 16ಕ್ಕಿಂತ ಕೆಳಗೆ ಇಳಿಯಬೇಡಿ.

ತುಣುಕು ವಿಡಿಯೋ ಹಾಕಲೇಬೇಕೆಂದರೆ ಅಳತೆ ನೋಡಿ ಹಾಕಿ. ಲಂಬ ವಿಡಿಯೋದ ಅಗಲ 1080 ಪಿಕ್ಸೆಲ್. 240×160ರ ಆಟವನ್ನು ಪೂರ್ತಿ ಅಗಲಕ್ಕೆ ಎಳೆದರೆ ನಾಲ್ಕೂವರೆ ಪಟ್ಟಾಗಿ ಪಿಕ್ಸೆಲ್‌ಗಳು ಸೊಟ್ಟಗಾಗುತ್ತವೆ. ಸರಿಯಾಗಿ ನಾಲ್ಕು ಪಟ್ಟು, 960×640 ಮಾಡಿ ಎರಡೂ ಬದಿ 60 ಪಿಕ್ಸೆಲ್ ಖಾಲಿ ಬಿಡಿ. ಪೋಕೆಮಾನ್ ಫ್ಯಾನ್ ಗೇಮ್ ಕಟ್ಟಲು ಬಳಸುವ ಪೋಕೆಮಾನ್ ಎಸೆನ್ಷಿಯಲ್ಸ್ ಕಿಟ್‌ನ 512×384ಕ್ಕೆ ಎರಡು ಪಟ್ಟು, 1024×768. ಮೇಲಿನ ಖಾಲಿ ಜಾಗದಲ್ಲಿ ಆಟದ ಹೆಸರನ್ನೂ ಚಿತ್ರ ಬರೆದವರ ಹೆಸರನ್ನೂ ಆಟದ ಅಂಚಿಗೆ ಅಂಟಿದಂತೆ ಹಾಕಿದರೆ ಕತ್ತರಿಸುವವರಿಗೆ ಅಷ್ಟು ಸುಲಭವಾಗುವುದಿಲ್ಲ.

ಎರವಲಿನ ಹಂಗೇ ಬೇಡ ಎನ್ನುವವರಿಗೆ ಈ ಸೀಮೆಯಲ್ಲಿ ಸರಕಿಗೆ ಬರವಿಲ್ಲ. ಏಳು ಸುತ್ತಿನ ಕೋಟೆ, ಕಿಂಡಿಯಲ್ಲಿ ಒಬ್ಬೊಬ್ಬರೇ ತೂರಿ ಬರುವ ಹೈದರಾಲಿಯ ಸೈನಿಕರು, ಒನಕೆ ಹಿಡಿದು ಕಾದು ನಿಂತ ಓಬವ್ವ: ಒಂದೇ ಕಿಂಡಿ, ಸದ್ದು ಮಾಡದೆ ಹೊಡೆಯಬೇಕು, ಹೆಣ ಪಕ್ಕಕ್ಕೆ ಎಳೆಯುವಷ್ಟರಲ್ಲಿ ಮುಂದಿನ ತಲೆ ಬರುತ್ತದೆ. ಆಟದ ನಿಯಮ ಇತಿಹಾಸದಲ್ಲೇ ಸಿದ್ಧವಾಗಿದೆ. ಚರಿತ್ರೆಯ ಮೇಲೆ ಯಾರ ಹಕ್ಕೂ ಇಲ್ಲ. ಸಿನಿಮಾದಲ್ಲಿ ಕಂಡ ಓಬವ್ವನ ಮುಖ, ಉಡುಗೆ, ಹಾಡು, ಸಂಭಾಷಣೆಗಳ ಮೇಲೆ ಇದೆ. ನಮ್ಮಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಿಂದ 60 ವರ್ಷ ಇರುತ್ತದೆ. ಹಾಗಾಗಿ ಸೀರೆಯ ಬಣ್ಣದಿಂದ ಹಿಡಿದು ನಿಲುವಿನವರೆಗೆ ನೀವೇ ಕಲ್ಪಿಸಿಕೊಂಡು ಬರೆಯಿರಿ.

ಕಟ್ಟುವುದು ಸಾಕಾದರೆ ಸುಮ್ಮನೆ ಖಾತೆ ಅಳಿಸಿ ಹೋಗಬೇಡಿ. ನಿಮ್ಮ ಪಾಲಿನ ಮೂಲ ಚಿತ್ರಗಳು, ಕೋಡ್, ಕ್ರೆಡಿಟ್ ಪಟ್ಟಿ, ಕೊನೆಯ ಆವೃತ್ತಿ, ಜೊತೆಗೊಂದು ಓದುಕಡತ (ರೀಡ್‌ಮಿ) ಇಷ್ಟನ್ನು ಒಂದೇ ಜಿಪ್ ಮಾಡಿ, ಚಾಟ್‌ನೊಳಗೆ ಹೂಳದೆ ಲಿಂಕ್ ನಿಲ್ಲುವ ಜಾಗದಲ್ಲಿಡಿ. ಓದುಕಡತದ ಮೊದಲ ಸಾಲಿನಲ್ಲಿ ಎಂಜಿನ್‌ನ ಹೆಸರು ಮತ್ತು ಪೂರ್ತಿ ಆವೃತ್ತಿ ಸಂಖ್ಯೆ ಇರಲಿ. ಗೋಡೋ 3ರ ಪ್ರಾಜೆಕ್ಟನ್ನು 4ರಲ್ಲಿ ತೆರೆದು ಪರಿವರ್ತಿಸಿದರೆ ಅರ್ಧ ಕೋಡ್ ಕೈಯಿಂದ ತಿದ್ದಬೇಕಾಗುತ್ತದೆ, ಹಿಂದಕ್ಕೆ ಬರಲೂ ಆಗುವುದಿಲ್ಲ. ಎರಡನೇ ಸಾಲಿನಲ್ಲಿ, ನಿಮ್ಮ ಸ್ವಂತ ಭಾಗವನ್ನು ಬೇರೆಯವರು ಮುಂದುವರಿಸಬಹುದೋ ಬಾರದೋ ಬರೆಯಿರಿ. ಎರವಲು ಭಾಗಕ್ಕೆ ಅಂಥ ಅನುಮತಿ ಕೊಡುವ ಹಕ್ಕು ನಿಮಗಿಲ್ಲ, ಅದನ್ನೂ ಅಲ್ಲೇ ಬರೆಯಿರಿ.